ಕೆಡವಿದವರ ಹೆಸರು

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟಿನಲ್ಲಿ ಪೋಲೆಂಡಿನವರ ಸಂಘವೊಂದಿದೆ. ಅದರ ಹಾಲಿನಲ್ಲಿ ಸರೋಜಿನಿ ತನ್ನ ಕೊನೆಯ ಚಿತ್ರವನ್ನು ತೂಗುಹಾಕಿ, ಹಿಂದೆ ಸರಿದು, ಓರೆಯಾಗಿದೆಯೇ ಎಂದು ನೋಡುತ್ತಿದ್ದಳು. ಆಗ ಸಂಘದ ಅಧ್ಯಕ್ಷ ಮಾರೆಕ್ ಬಂದು ಪಕ್ಕದಲ್ಲಿ ನಿಂತ.

ಅಂದು ಶುಕ್ರವಾರ. ಭಾನುವಾರ ಪ್ರದರ್ಶನದ ಉದ್ಘಾಟನೆ. ಹಾಲಿನ ನಾಲ್ಕೂ ಗೋಡೆಗಳ ಮೇಲೆ ಒಂದು ಕಾಲದಲ್ಲಿ ವಾರ್ಸಾ ನಗರದಲ್ಲಿ ನಿಂತಿದ್ದು ಈಗ ಇಲ್ಲವಾದ ಕಟ್ಟಡಗಳಿದ್ದವು: ಅರಮನೆಗಳು, ಯೆಹೂದಿಗಳ ದೊಡ್ಡ ಪ್ರಾರ್ಥನಾಮಂದಿರ, ಮಾರುಕಟ್ಟೆಯ ಕಮಾನುಗಳು, ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕಿದ ವಠಾರಗಳು. ಎಲ್ಲವೂ ಜಲವರ್ಣ. ಹತ್ತು ವರ್ಷಗಳಿಂದ ಸರೋಜಿನಿ ಹಳೆಯ ಫೋಟೊ, ನಕಾಶೆ, ಪೋಸ್ಟ್‌ಕಾರ್ಡುಗಳನ್ನು ಗುಡ್ಡೆಹಾಕಿಕೊಂಡು, ಕಿಟಕಿಗಳನ್ನು ಎಣಿಸಿ, ನೆರಳು ಬೀಳುವ ದಿಕ್ಕನ್ನು ಲೆಕ್ಕಹಾಕಿ ಬರೆದ ಚಿತ್ರಗಳು. ಒಂದೊಂದರ ಕೆಳಗೂ ಒಂದು ಚೀಟಿ. ಅದರಲ್ಲಿ ಕಟ್ಟಡದ ಹೆಸರು, ಕಟ್ಟಿಸಿದವರು ಯಾರು, ಕೆಡವಿದವರು ಯಾರು. ಅದಕ್ಕಿಂತ ಹೆಚ್ಚು ಒಂದು ಅಕ್ಷರವೂ ಇಲ್ಲ.

"ಪಾನಿ ಸರೋಯಿನಿ," ಎಂದ ಮಾರೆಕ್. ಪೋಲಿಷ್ ಭಾಷೆಯಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಾಗ 'ಪಾನಿ' ಸೇರಿಸುತ್ತಾರೆ. 'ಜಿ' ಅವರ ಬಾಯಲ್ಲಿ 'ಯಿ' ಆಗುತ್ತದೆ. "ಒಂದು ಸಣ್ಣ ವಿಷಯ. ಆ ಚೌಕದ ಚಿತ್ರ."

ಯಾವ ಚೌಕ ಎಂದು ಅವಳು ಕೇಳಬೇಕಾಗಿರಲಿಲ್ಲ. ವಾರ್ಸಾದ ನಡುಮಧ್ಯದ ದೊಡ್ಡ ಚೌಕ. ಅದರಲ್ಲಿ ಚಿನ್ನದ ಗುಮ್ಮಟಗಳ ರಷ್ಯನ್ ಕ್ಯಾಥೆಡ್ರಲ್, ಪಕ್ಕದಲ್ಲಿ ಮುಗಿಲಿಗೆ ಹೋದ ಗಂಟೆಗೋಪುರ. ಪೋಲೆಂಡ್ ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದಾಗ ಕಟ್ಟಿದ್ದು. ದೇಶ ಸ್ವತಂತ್ರವಾದ ಮೇಲೆ, ೧೯೨೦ರ ದಶಕದಲ್ಲಿ, ಪೋಲೆಂಡಿನವರೇ ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಚೀಟಿಯ ಮೂರನೆಯ ಸಾಲಿನಲ್ಲಿ ಸರೋಜಿನಿ ಅದನ್ನೇ ಬರೆದಿದ್ದಳು: 'ಕೆಡವಿದ್ದು: ಪೋಲೆಂಡ್ ಸರ್ಕಾರ, ಪೋಲಿಷ್ ಕೂಲಿಗಾರರು.'

"ಚಿತ್ರ ಇರಲಿ," ಎಂದ ಮಾರೆಕ್. "ಮೂರನೇ ಸಾಲು ಮಾತ್ರ ಬದಲಾಯಿಸೋಣ. 'ಎರಡು ಮಹಾಯುದ್ಧಗಳ ನಡುವೆ ಮಾಯವಾಯಿತು' ಅಂತ."

"ಮಾಯವಾಯಿತು ಅಂದರೆ? ಎದ್ದು ನಡೆದುಕೊಂಡು ಹೋಯಿತಾ?"

ಮಾರೆಕ್ ನಗಲಿಲ್ಲ. ಅವನು ಕೆಟ್ಟವನಲ್ಲ. ಕಟ್ಟಡ ಗುತ್ತಿಗೆ ಮಾಡಿ ಮೇಲೆ ಬಂದವನು, ಸಂಘಕ್ಕೆ ಸ್ವಂತ ದುಡ್ಡಿನಲ್ಲಿ ಸೂರು ಹೊದಿಸಿಕೊಟ್ಟವನು. ಅವಳ ಚಿತ್ರಗಳನ್ನು ಮೊದಲ ಸಲ ನೋಡಿದಾಗ ಕಣ್ಣು ಒರೆಸಿಕೊಂಡಿದ್ದವನು. "ಆ ಚರ್ಚನ್ನು ಪ್ರಾರ್ಥನೆಗೆ ಕಟ್ಟಲಿಲ್ಲ. ನಮ್ಮ ತಲೆಯ ಮೇಲೆ ಕಾಲಿಡೋಕೆ ಕಟ್ಟಿದರು. ಅದು ನಿಮಗೆ ಗೊತ್ತು."

"ಗೊತ್ತು. ಅದಕ್ಕೇ ಎರಡನೇ ಸಾಲಿನಲ್ಲಿ ಕಟ್ಟಿಸಿದವರು ಯಾರು ಅಂತ ಬರೆದಿದ್ದೇನೆ."

"ಆ ಗೋಡೆ ನೋಡಿ." ಮಾರೆಕ್ ಕೈ ತೋರಿಸಿದ. "ಯೆಹೂದಿಗಳ ಮಂದಿರ ಕೆಡವಿದ್ದು ಜರ್ಮನರು. ಅರಮನೆ ಕೆಡವಿದ್ದು ಜರ್ಮನರು. ಮೂರನೆಯದು ನಾವು. ಓದಿದವರಿಗೆ ಏನನ್ನಿಸಬೇಕು?"

"ಏನು ಓದಿದರೋ ಅದೇ ಅನ್ನಿಸಬೇಕು."

ಅವನು ಉಸಿರೆಳೆದುಕೊಂಡ. "ಕಮಿಟಿ ತೀರ್ಮಾನ ಮಾಡಿ ಆಗಿದೆ. ದೂರು ಬಂದಿದೆ."

"ಯಾರದ್ದು?"

"ಪಾನಿ ಹಾಲಿನಾ," ಎಂದ ಮಾರೆಕ್.

ಸರೋಜಿನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಹಾಲಿನಾ ತೊಂಬತ್ತು ದಾಟಿದ ಮುದುಕಿ. ಹುಟ್ಟಿದ್ದು ವಾರ್ಸಾದಲ್ಲಿ, ಯುದ್ಧದ ಕಾಲದಲ್ಲಿ ಎಳೆಯ ಹುಡುಗಿ. ಗ್ರೀನ್‌ಪಾಯಿಂಟಿನ ಮ್ಯಾನ್‌ಹ್ಯಾಟನ್ ಅವೆನ್ಯೂ ಬೀದಿಯ ಬೇಕರಿಯೊಂದರಲ್ಲಿ, ಸೀರೆಯುಟ್ಟ ಹೆಂಗಸೊಬ್ಬಳು ಪೋಲಿಷ್‌ನಲ್ಲಿ ಗಸಗಸೆ ರೋಲ್ ಕೇಳಿದ್ದನ್ನು ಕೇಳಿ ಹಾಲಿನಾ ತಿರುಗಿ ನೋಡಿದ್ದರು. ಅಂದಿನಿಂದ ಸ್ನೇಹ. ಬುಧವಾರ ಬುಧವಾರ ಸರೋಜಿನಿ ಲಾಂಗ್ ಐಲ್ಯಾಂಡಿನಲ್ಲಿ ತಾನಿದ್ದ ಹಿಕ್ಸ್‌ವಿಲ್‌ನಿಂದ ರೈಲು ಹಿಡಿದು ಬರುತ್ತಿದ್ದಳು. ವಠಾರದ ಮೆಟ್ಟಿಲು ಯಾವ ಬಣ್ಣದ್ದಿತ್ತು, ಕಲ್ಲಿದ್ದಲ ಹೊಗೆ ಗೋಡೆಯನ್ನು ಎಲ್ಲಿಯವರೆಗೆ ಕಪ್ಪಾಗಿಸಿತ್ತು, ಅಂಗಳದ ಪಂಪು ಯಾವ ಮೂಲೆಯಲ್ಲಿತ್ತು ಎಂದೆಲ್ಲ ಕೇಳುತ್ತಿದ್ದಳು. ಹಾಲಿನಾ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಈ ಗೋಡೆಗಳ ಮೇಲಿನ ಅರ್ಧ ಬಣ್ಣ ಆ ಕಣ್ಣುಗಳಿಂದ ಬಂದದ್ದು.

ಸರೋಜಿನಿ ಕೋಟು ಹಾಕಿಕೊಂಡು ನೇರ ಅವರ ಮನೆಗೆ ನಡೆದಳು.

ಹಾಲಿನಾ ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ ಅಡಿಗೆಮನೆಗೆ ಹೋಗಿ ನೀರು ಕಾಯಲಿಟ್ಟರು. ಟೀ ಗ್ಲಾಸು ಮುಂದಿಟ್ಟ ಮೇಲೆ ತಾವಾಗಿಯೇ ಶುರುಮಾಡಿದರು.

"ನನ್ನ ಅಪ್ಪ ಅಲ್ಲಿ ಕೆಲಸ ಮಾಡಿದ್ದರು."

"ಎಲ್ಲಿ?"

"ಆ ಚರ್ಚು ಕೆಡವೋದರಲ್ಲಿ. ಆಗ ಇಪ್ಪತ್ತು ವರ್ಷ. ಗೋಡೆಗೆ ತೂತು ಕೊರೆದು ಮದ್ದು ತುಂಬೋರು. ಆ ಸದ್ದಿಗೆ ಒಂದು ಕಿವಿ ಹೋಯಿತು. ನಾನು ಚಿಕ್ಕವಳಿದ್ದಾಗ ಅವರ ಎಡಗಡೆ ನಿಂತು ಮಾತಾಡಬೇಕಿತ್ತು. ಬಲಗಿವಿ ಆ ಚರ್ಚಿಗೆ ಕೊಟ್ಟೆ ಅನ್ನೋರು. ಹೆಮ್ಮೆಯಿಂದ ಅನ್ನೋರು."

ಸರೋಜಿನಿ ಗ್ಲಾಸು ಕೆಳಗಿಟ್ಟಳು. "ಇಷ್ಟು ವರ್ಷದಲ್ಲಿ ನೀವು ಒಂದು ಸಲವೂ ಹೇಳಲಿಲ್ಲ."

"ನೀನು ಕೇಳಲಿಲ್ಲ. ಮೆಟ್ಟಿಲು ಕೇಳಿದೆ, ಬಾಲ್ಕನಿ ಕೇಳಿದೆ." ಹಾಲಿನಾರ ಧ್ವನಿ ಏರಲಿಲ್ಲ. "ಚೀಟಿಯಲ್ಲಿ ಕೂಲಿಗಾರರು ಅಂತ ಬರೆದಿದ್ದೀಯಲ್ಲ, ಅದು ಅವರು. ಹಸಿದಿದ್ದ ಹುಡುಗ. ನಲವತ್ತನಾಲ್ಕರಲ್ಲಿ ಜರ್ಮನರ ವಿರುದ್ಧ ಎದ್ದ ದಂಗೆಯಲ್ಲಿ ಅದೇ ಕೈಯಲ್ಲಿ ಕಲ್ಲು ಹೊತ್ತು ಬೀದಿಗೆ ಅಡ್ಡಗೋಡೆ ಕಟ್ಟಿದರು. ಅಲ್ಲೇ ಸತ್ತರು. ಅವರನ್ನು ತಂದು ನೀನು ಜರ್ಮನರ ಸಾಲಿನಲ್ಲಿ ನಿಲ್ಲಿಸಿದ್ದೀಯ."

"ನಾನು ಯಾರನ್ನೂ ಸಮ ಮಾಡಿಲ್ಲ. ಯಾರು ಕೆಡವಿದರು ಅಂತಷ್ಟೇ ಬರೆದೆ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಉಳಿದ ಚೀಟಿಗಳನ್ನು ಯಾರು ನಂಬುತ್ತಾರೆ?"

"ಗೋಡೆ ಮುಂದೆ ನಿಂತವರಿಗೆ ಸಾಲು ಕಾಣುತ್ತದೆ, ಸರೋಯಿನಿ. ಮನುಷ್ಯ ಕಾಣುವುದಿಲ್ಲ."

ಸರೋಜಿನಿ ಟೀ ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. ಸೋಲಲು ಅವಳಿಗೆ ಮನಸ್ಸಿರಲಿಲ್ಲ.

"ಆ ಸಾಲು ತೆಗಿ," ಎಂದರು ಹಾಲಿನಾ.

"ತೆಗೆಯುವುದಿಲ್ಲ."

"ಹಾಗಾದರೆ ಬುಧವಾರ ಬರಬೇಡ."

ಜಿ ಟ್ರೈನು, ಆಮೇಲೆ ಇ ಟ್ರೈನು, ಜಮೈಕಾ ಸ್ಟೇಷನ್ನಿನಲ್ಲಿ ಲಾಂಗ್ ಐಲ್ಯಾಂಡ್ ರೈಲು. ಆಫೀಸು ಬಿಟ್ಟವರ ನೂಕುನುಗ್ಗಲಿನಲ್ಲಿ ಸರೋಜಿನಿಗೆ ನಿಲ್ಲಲು ಮಾತ್ರ ಜಾಗ ಸಿಕ್ಕಿತು. ಕಂಬಿ ಹಿಡಿದು ನಿಂತು ಅವಳು ತನ್ನ ಪ್ರೊಫೆಸರನ್ನು ನೆನೆದಳು.

ಉಡುಪಿ ಕಡೆಯ ಹುಡುಗಿ ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಮುಗಿಸಿ, ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕಿತೆಂದು ವಾರ್ಸಾಕ್ಕೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಮನೆಯಲ್ಲಿ ಯಾರಿಗೂ ಆ ಊರಿನ ಹೆಸರು ಸರಿಯಾಗಿ ಬರುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲೇ ಅಲ್ಲಿ ಸೈನ್ಯದ ಆಡಳಿತ ಹೇರಿದರು. ಬೀದಿಯಲ್ಲಿ ಟ್ಯಾಂಕು, ಫೋನು ಬಂದ್. ಪ್ರೊಫೆಸರು ಅವಳಿಗೆ ಕೊಟ್ಟ ಮೊದಲ ಕೆಲಸ ವಿಚಿತ್ರವಾಗಿತ್ತು: ಖಾಲಿ ಚೌಕವೊಂದನ್ನು ಅಳೆದು, ಅಲ್ಲಿ ಹಿಂದೆ ಏನಿತ್ತೋ ಅದನ್ನು ಬರೆದು ತರಬೇಕು. ಯುದ್ಧದಲ್ಲಿ ನುಚ್ಚುನೂರಾದ ಹಳೆಯ ಪೇಟೆಯನ್ನು ಆ ಜನ ಹಳೆಯ ಚಿತ್ರಗಳನ್ನು, ಅಳತೆಯ ನಕ್ಷೆಗಳನ್ನು ನೋಡಿಕೊಂಡೇ ಮತ್ತೆ ಕಟ್ಟಿದ್ದರು. ಬರೆದಿಟ್ಟದ್ದು ಮಾತ್ರ ಎದ್ದು ನಿಲ್ಲುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿದ್ದ ವಿದ್ಯೆ. ಕೈ ಮರಗಟ್ಟುವ ಚಳಿಯಲ್ಲಿ ಟೇಪು ಹಿಡಿದು ಅಳೆದು ಸರೋಜಿನಿ ಅಲ್ಲಿ ಹಿಂದೆ ನಿಂತಿದ್ದ ಅರಮನೆಯನ್ನು ಬರೆದು ಒಯ್ದಳು. ಪ್ರೊಫೆಸರು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಇದೇ ಚೌಕದಲ್ಲಿ ಇನ್ನೊಂದು ಇತ್ತು. ಅದರ ಬಗ್ಗೆ ನಿನಗೆ ಇಲ್ಲಿ ಯಾರೂ ಹೇಳುವುದಿಲ್ಲ, ಯಾಕೆಂದರೆ ಅದನ್ನು ಕೆಡವಿದ್ದು ನಾವು. ಅದನ್ನೂ ಬರಿ," ಎಂದಿದ್ದರು. ಬಾಗಿಲು ಹಾಕಿಕೊಂಡು ಹೇಳಿರಲಿಲ್ಲ. ತರಗತಿಯ ನಡುವೆ, ಎಲ್ಲರಿಗೂ ಕೇಳಿಸುವಂತೆ ಹೇಳಿದ್ದರು.

ಆಮೇಲೆ ಮದುವೆ, ನ್ಯೂಯಾರ್ಕು. ಮೂವತ್ತು ವರ್ಷ ಮ್ಯಾನ್‌ಹ್ಯಾಟನ್‌ನ ಕಂಪನಿಯೊಂದರಲ್ಲಿ ಬೇರೆಯವರು ಯೋಚಿಸಿದ ಕಟ್ಟಡಗಳಿಗೆ ಬಾತ್‌ರೂಮು, ಫೈರ್ ಮೆಟ್ಟಿಲು ಬರೆದುಕೊಟ್ಟದ್ದಾಯಿತು. ನಿವೃತ್ತಿಯಾದ ಮರುದಿನವೇ ಅವಳು ದಪ್ಪ ಕಾಗದ ತಂದು, ನೀರಲ್ಲಿ ನೆನೆಸಿ, ಹಲಗೆಗೆ ಎಳೆದು ಅಂಟಿಸಿ ಕೂತಿದ್ದಳು.

ಹಿಕ್ಸ್‌ವಿಲ್ ಸ್ಟೇಷನ್ನಿನಿಂದ ಕೂಗಳತೆಯಲ್ಲಿ ಅವಳ ಗಂಡ ರಮಾನಾಥನ ಹೋಟೆಲು. ಊರಲ್ಲಿ ಚಿಕ್ಕಪ್ಪನ ಹೋಟೆಲಿನಲ್ಲಿ ಬೆಳೆದವನು, ಇಲ್ಲಿ ಬಂದೂ ಅದನ್ನೇ ಮಾಡಿದ. ಸಂಜೆಯ ಗಿರಾಕಿಗಳು ತುಂಬಿದ್ದರು. ಕ್ಯಾಶ್ ಕೌಂಟರಿನ ಹಿಂದೆ ನಿಂತೇ ಅವನು ಹೆಂಡತಿಯ ಮುಖ ಓದಿದ.

"ಎಂತ ಆಯ್ತು?"

ಅವಳು ಹೇಳಿದಳು. ಅವನು ಬಿಲ್ಲು ಹರಿಯುತ್ತಲೇ ಕೇಳಿದ.

"ಒಂದು ಸಾಲು ಅಲ್ವಾ ಮಾರಾಯ್ತಿ? ತೆಗೆದ್ರೆ ಎಂತ ಆಗ್ತದೆ? ಹತ್ತು ವರ್ಷದ ಕೆಲಸ ಉಂಟು ಗೋಡೆ ಮೇಲೆ."

"ಅದಕ್ಕೇ ತೆಗೆಯುದಿಲ್ಲ."

"ಆ ಅಜ್ಜಿಗೂ ಬೇಜಾರು."

"ಅಜ್ಜಿಗೆ ಬೇಜಾರಾದದ್ದು ನಂಗೆ ಗೊತ್ತುಂಟು." ಅವಳು ಕೋಟು ಬಿಚ್ಚಿದಳು. "ಆದರೆ ಸುಳ್ಳು ಬರೆದು ಅವರನ್ನು ಸಮಾಧಾನ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ರಮಾನಾಥ ಅವಳನ್ನೊಮ್ಮೆ ನೋಡಿ, ಒಳಗೆ ಕೂಗಿ ಒಂದು ಕಾಫಿ ಹೇಳಿದ. ಮತ್ತೆ ಆ ಮಾತು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಮಾರೆಕ್ ಫೋನ್ ಮಾಡಿದ. ಕಮಿಟಿ ಮತ್ತೆ ಸೇರಿತ್ತು. ಸಾಲು ಬದಲಾಯಿಸಬೇಕು, ಇಲ್ಲವೇ ಆ ಒಂದು ಚಿತ್ರವನ್ನು ಇಳಿಸಬೇಕು. ಉಳಿದದ್ದೆಲ್ಲ ಹಾಗೇ ಇರಬಹುದು.

"ಎಲ್ಲ ಇಳಿಸುತ್ತೇನೆ," ಎಂದಳು ಸರೋಜಿನಿ.

"ಪಾನಿ ಸರೋಯಿನಿ, ಇನ್ನೂರು ಜನಕ್ಕೆ ಆಹ್ವಾನ ಹೋಗಿದೆ."

"ಇನ್ನೂರು ಜನ ಬಂದು ಮೊಳೆಗಳನ್ನು ನೋಡಲಿ. ಯಾರು ಇಳಿಸಿದರು ಅಂತ ಕೇಳಿದರೆ ನನ್ನ ಹೆಸರು ಹೇಳಿ. ನನಗೇನೂ ಸಂಕೋಚವಿಲ್ಲ."

ಫೋನಿಟ್ಟು ತಿರುಗಿದರೆ ರಮಾನಾಥ ಕೇಟರಿಂಗ್ ವ್ಯಾನಿನ ಕೀ ಹಿಡಿದು ನಿಂತಿದ್ದ. "ಮಧ್ಯಾಹ್ನ ಒಂದು ಸೀಮಂತದ ಆರ್ಡರ್ ಉಂಟು. ಅಷ್ಟರೊಳಗೆ ಬರಬೇಕು. ಹೊರಡು."

ಗ್ರೀನ್‌ಪಾಯಿಂಟಿನ ಹಾಲಿನಲ್ಲಿ ಮಾರೆಕ್ ಒಬ್ಬನೇ ಇದ್ದ. ಏಣಿ ತಾನೇ ತಂದುಕೊಟ್ಟ. ಸರೋಜಿನಿ ಒಂದೊಂದಾಗಿ ಇಳಿಸಿದಳು, ರಮಾನಾಥ ಬೆಡ್‌ಶೀಟುಗಳಲ್ಲಿ ಸುತ್ತಿದ. ಸ್ವಲ್ಪ ಹೊತ್ತಿಗೆ ಮಾರೆಕ್ ಕೂಡ ಸುತ್ತತೊಡಗಿದ. ಕ್ಯಾಥೆಡ್ರಲಿನ ಚಿತ್ರವನ್ನು ಮಾತ್ರ ಅವಳು ಯಾರ ಕೈಗೂ ಕೊಡದೆ ತಾನೇ ಎದೆಗವಚಿಕೊಂಡು, ಮುಂಬಾಗಿಲಿನಿಂದ, ಬೀದಿಯವರೆಲ್ಲ ನೋಡುವಂತೆ ಹೊತ್ತು ನಡೆದಳು.

ವ್ಯಾನಿನೊಳಗೆ ಸಾಂಬಾರಿನ ಪರಿಮಳ. ದಾರಿಯುದ್ದಕ್ಕೂ ರಮಾನಾಥ ಏನೋ ಲೆಕ್ಕ ಹಾಕುತ್ತಿದ್ದ. ಹಿಕ್ಸ್‌ವಿಲ್ ಹತ್ತಿರ ಬಂದಾಗ ಬಾಯಿಬಿಟ್ಟ.

"ಮನೆಗೆ ಯಾಕೆ? ಹೋಟೆಲಿಗೇ ಹಾಕುವ."

"ಎಲ್ಲಿ?"

"ಗೋಡೆಗೆ. ಮೈಸೂರು ಅರಮನೆ, ಯಕ್ಷಗಾನ ಎಲ್ಲ ತೆಗಿ. ಕೌಂಟರಿನ ಮೇಲಿನ ಕೃಷ್ಣನನ್ನು ಮುಟ್ಟಬೇಡ. ಬಾಕಿ ಎಂತ ಬೇಕಾದ್ರೂ ಮಾಡು. ಬರೆದದ್ದನ್ನು ಇನ್ನೊಬ್ಬರ ಕಾಲು ಹಿಡಿದು ಯಾಕೆ ತೋರಿಸಬೇಕು?"

ನಲವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಚಿತ್ರಗಳ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನ್ಯೂಜೆರ್ಸಿಯ ಸೀಕಾಕಸ್‌ನಲ್ಲಿ ಕೆಲಸದಲ್ಲಿದ್ದ ಮಗಳು ದೀಕ್ಷಿತಾ ಸಂಜೆ ಬಂದಳು. ಅಮ್ಮ ಮೇಜಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದುದನ್ನು ಕಂಡು, "ಅಮ್ಮ, ಯು ಆರ್ ಸಿಕ್ಸ್ಟಿ ಸಿಕ್ಸ್, ಕೆಳಗಿಳಿ," ಎಂದು ಸುತ್ತಿಗೆ ಕಸಿದುಕೊಂಡಳು. ಚಿತ್ರಗಳ ಫೋಟೊ ತೆಗೆದು, ವಿಳಾಸ ಹಾಕಿ, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು ಫೋನಿನಲ್ಲಿ ಹಾಕಿದವಳೂ ಅವಳೇ.

ಭಾನುವಾರ ಜನ ಬಂದರು. ಗ್ರೀನ್‌ಪಾಯಿಂಟಿನ ಬರಿಗೋಡೆ ನೋಡಿ ಅಲ್ಲಿಂದ ರೈಲು ಹತ್ತಿದವರು, ಇಡೀ ಕುಟುಂಬ ಕಾರಿನಲ್ಲಿ ತುಂಬಿಕೊಂಡು ಬಂದವರು. ಮಸಾಲೆ ದೋಸೆ ತಿನ್ನುತ್ತಿದ್ದವರ ತಲೆಯ ಮೇಲಿನಿಂದ ಬಗ್ಗಿ ಬಗ್ಗಿ ಚೀಟಿ ಓದಿದರು. ಒಬ್ಬ ಹೆಂಗಸು ತನ್ನಜ್ಜಿಯ ಬೀದಿಯನ್ನು ಕಂಡು ಅಲ್ಲೇ ಅಪರಿಚಿತರ ಮೇಜಿನಲ್ಲಿ ಕುಳಿತುಬಿಟ್ಟಳು. ಅವಳಿಗೆ ನೀರು ಕೊಟ್ಟವರು, ಕೈ ಹಿಡಿದವರು ಗುಜರಾತಿ ದಂಪತಿ.

ಕನ್ನಡ ಕೂಟದ ಜಯರಾಮು ವಾರವಾರ ಬರುವ ಗಿರಾಕಿ. ಕಾಫಿ ಹೀರುತ್ತ ಅವನು ಕೇಳಿಯೇಬಿಟ್ಟ: "ಎಲ್ಲಾ ಸರಿ ಸರೋಜಿನಿ ಮೇಡಂ, ಆದ್ರೆ ನಮ್ಮ ಕಡೆ ಬಿದ್ದೋಗಿರೋ ಮಂಟಪ, ಗುಡಿ ಏನ್ ಕಮ್ಮಿ ಇದಾವಾ? ಯಾರ್ದೋ ದೇಶದ್ದು ನಮಗ್ಯಾಕೆ?"

"ನಿಮ್ಮ ಕಡೆಯದ್ದನ್ನು ನೀವು ಬರೀರಿ ಜಯರಾಮು. ಕಾಗದ ನಾನು ಕೊಡ್ತೇನೆ. ಯಾರು ಕೆಡವಿದ್ದು ಅಂತ ಕೆಳಗೆ ಬರೀಲಿಕ್ಕೆ ಧೈರ್ಯ ಉಂಟಾ ನೋಡುವ."

ಜಯರಾಮು ಕಾಫಿಗೆ ಇನ್ನಷ್ಟು ಸಕ್ಕರೆ ಹಾಕಿ ಕಲಸಿದ.

ಬಂದವರೆಲ್ಲ ಮೆಚ್ಚಲು ಬಂದವರಲ್ಲ. ಎರಡನೆಯ ವಾರ ಚರ್ಮದ ಜಾಕೆಟ್ಟಿನ ಒಬ್ಬ ನೇರ ಕ್ಯಾಥೆಡ್ರಲಿನ ಮುಂದೆ ಹೋಗಿ ನಿಂತು, ಪೋಲಿಷ್‌ನಲ್ಲಿ, ಎಲ್ಲರೂ ತಿರುಗುವಷ್ಟು ಗಟ್ಟಿಯಾಗಿ ಹೇಳಿದ: "ಇದನ್ನು ಇಳಿಸಿ. ನೀವು ನಮ್ಮವರಲ್ಲ. ನಮ್ಮ ಚೌಕದ ಬಗ್ಗೆ ಮಾತಾಡೋಕೆ ನೀವು ಯಾರು?"

ಸರೋಜಿನಿ ಒರೆಸುವ ಬಟ್ಟೆ ಕೆಳಗಿಟ್ಟು ಅವನೆದುರು ಬಂದು ನಿಂತಳು. ಅವಳ ತಲೆ ಅವನ ಎದೆಗೆ ಬರುತ್ತಿತ್ತು. "ಎಂಬತ್ತೆರಡರಲ್ಲಿ ನೀವು ಎಲ್ಲಿದ್ದಿರಿ?"

"ನಾನು ಹುಟ್ಟಿರಲಿಲ್ಲ."

"ನಾನು ಅದೇ ಚೌಕದಲ್ಲಿದ್ದೆ. ಸೈನ್ಯದ ಆಡಳಿತಕ್ಕೆ ಎದುರಾಗಿ ಜನ ನೆಲದ ಮೇಲೆ ಹೂವಿನಲ್ಲಿ ಶಿಲುಬೆ ಬರೆಯುತ್ತಿದ್ದರು. ಪೊಲೀಸರು ಗುಡಿಸಿ ಹಾಕುತ್ತಿದ್ದರು. ನಾವು ಮತ್ತೆ ಹೂವು ತರುತ್ತಿದ್ದೆವು. ಗುಡಿಸಿದವರು ಯಾರು ಅಂತ ಬರೆಯಬೇಕೋ ಬೇಡವೋ?"

"ಅವರು ಕಮ್ಯುನಿಸ್ಟರು."

"ನನ್ನ ಹತ್ತಿರ ಪೋಲಿಷ್‌ನಲ್ಲೇ ಮಾತಾಡಿದರು."

ಅವನ ಮುಖ ಕೆಂಪಾಯಿತು. ರಮಾನಾಥ ಕೌಂಟರು ಬಿಟ್ಟು ಬಂದ. ಮಾತು ಅರ್ಥವಾಗದಿದ್ದರೂ ಧಾಟಿ ಅರ್ಥವಾಗಿತ್ತು. ಅವನು ಒಂದು ಕುರ್ಚಿ ಎಳೆದು, ಅದರ ಮುಂದೆ ಕಾಫಿ ಇಟ್ಟು, ಇಂಗ್ಲಿಷಿನಲ್ಲಿ ಹೇಳಿದ: "ಸರ್, ಜಗಳ ಮಾಡುವುದಾದರೂ ಕೂತು ಮಾಡಿ. ಚಿತ್ರ ಮಾತ್ರ ಅಲ್ಲೇ ಇರುತ್ತದೆ." ಆ ಮನುಷ್ಯ ಕೂರಲಿಲ್ಲ. ಕಾಫಿಯನ್ನೂ ಮುಟ್ಟದೆ ಹೊರಟುಹೋದ.

ಸರೋಜಿನಿ ಅಲ್ಲಾಡಲಿಲ್ಲವೆಂದು ಎಲ್ಲರೂ ಅಂದುಕೊಂಡರು. ಒಳಗೆ ಮಾತ್ರ ಹಾಲಿನಾರ ಮಾತು ಮುಳ್ಳಿನಂತೆ ಕೂತಿತ್ತು. ಸಾಲು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಎರಡು ಬುಧವಾರ ಅವಳು ರೈಲು ಹತ್ತಲಿಲ್ಲ. ಹೋಟೆಲು ಮುಚ್ಚಿರುವ ಸೋಮವಾರ ಬೆಳಗಿನಲ್ಲಿ ಒಂದು ಕುರ್ಚಿ ನಡುವೆ ಹಾಕಿಕೊಂಡು ಕುಳಿತು, ತನ್ನ ಚಿತ್ರಗಳನ್ನು ಬೇರೆ ಯಾರೋ ಬರೆದವೆಂಬಂತೆ ನೋಡಿದಳು. ಅರಮನೆ, ಕಮಾನು, ವಠಾರ, ಗೋಪುರ. ಎಲ್ಲೂ ಒಬ್ಬ ಮನುಷ್ಯನಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆಯಿತ್ತು, ಒಣಹಾಕಿದವಳಿರಲಿಲ್ಲ. ಕಟ್ಟಡಕ್ಕೆ ಅಡ್ಡ ಬರುತ್ತಾರೆಂದು ಅವಳೇ ಜನರನ್ನು ಬಿಟ್ಟುಕೊಂಡು ಬಂದಿದ್ದಳು.

ಮುದುಕಿಯ ಮಾತು ಅರ್ಧ ಸರಿ, ಎಂದುಕೊಂಡಳು. ಸಾಲು ತೆಗೆಯಬೇಕಾಗಿಲ್ಲ. ಮನುಷ್ಯನನ್ನು ಹಾಕಬೇಕು.

ಅಂದೇ ಹೊಸ ಕಾಗದ ಎಳೆದು ಅಂಟಿಸಿದಳು. ಈ ಸಲ ನಿಂತಿರುವ ಕ್ಯಾಥೆಡ್ರಲನ್ನಲ್ಲ, ಕೆಡವುತ್ತಿರುವಾಗಿನದನ್ನು ಬರೆದಳು. ಆ ಕಾಲದ ಫೋಟೊಗಳು ಅವಳ ಬಳಿ ಇದ್ದವು: ತಲೆ ಕಳಚಿದ ಗುಮ್ಮಟ, ಹಲ್ಲು ಉದುರಿದಂಥ ಗೋಡೆ, ಇಟ್ಟಿಗೆಯ ಗುಡ್ಡ. ಮಣ್ಣುಗೆಂಪು, ಬೂದಿನೀಲಿ ಕಲಸಿ ಧೂಳನ್ನು ಕಾಗದದ ಮೇಲೆ ಹರಿಯಬಿಟ್ಟಳು. ಗೋಡೆಯ ನೆತ್ತಿಯ ಮೇಲೆ ಕೂಲಿಗಾರರನ್ನು ಬರೆದಳು. ಮನುಷ್ಯರನ್ನು ಬರೆದು ಅಭ್ಯಾಸವಿಲ್ಲದ ಕೈ. ಮೂರು ಹಾಳೆ ಹರಿದುಹಾಕಿದಳು. ನಾಲ್ಕನೆಯದರಲ್ಲಿ, ಅಂಗಿಯ ತೋಳು ಮಡಚಿದ ಹುಡುಗನೊಬ್ಬ ಸಲಾಕೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಿಂತು ನೇರ ನೋಡಿದ. ಅವನ ಅಂಗಿಗೆ ಬಣ್ಣ ಹಚ್ಚಲಿಲ್ಲ. ಕಾಗದದ ಬಿಳಿಯನ್ನೇ ಬಿಟ್ಟಳು. ಇಡೀ ಚಿತ್ರದಲ್ಲಿ ಬೆಳಕಿದ್ದದ್ದು ಅಲ್ಲಿ.

ಅದನ್ನು ಹಳೆಯ ಚಿತ್ರದ ಪಕ್ಕದಲ್ಲೇ ಹಾಕಿದಳು. ಮೂರನೆಯ ಸಾಲು ಇದ್ದ ಹಾಗೇ ಇತ್ತು. ಒಂದು ಫೋಟೊ ತೆಗೆದು, ಮಾತೇನೂ ಬರೆಯದೆ, ಹಾಲಿನಾರಿಗೆ ಕಳಿಸಿದಳು.

ಉತ್ತರ ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಹೋಟೆಲಿನ ಮುಂದೆ ಒಂದು ಕಾರು ನಿಂತಿತು. ಚಾಲಕನ ಜಾಗದಿಂದ ಇಳಿದವನು ಮಾರೆಕ್. ಅವನು ಇನ್ನೊಂದು ಬಾಗಿಲು ತೆರೆದು, ವಾಕರ್ ಬಿಡಿಸಿಟ್ಟ. ಅದನ್ನು ಹಿಡಿದು ಹಾಲಿನಾ ಇಳಿದರು.

ಸರೋಜಿನಿ ಬಾಗಿಲಿಗೆ ಹೋದಳು. ಹಾಲಿನಾ ಅವಳನ್ನು ಮಾತಾಡಿಸದೆ, ಮೇಜುಗಳ ನಡುವೆ ನಿಧಾನವಾಗಿ ದಾರಿ ಮಾಡಿಕೊಂಡು, ಎರಡು ಚಿತ್ರಗಳ ಮುಂದೆ ಹೋಗಿ ನಿಂತರು. ನಿಂತಿರುವ ಕ್ಯಾಥೆಡ್ರಲಿನ ಕಡೆ ತಿರುಗಿಯೂ ನೋಡಲಿಲ್ಲ. ಇನ್ನೊಂದರ ಹತ್ತಿರ ಮೂಗು ತಾಗುವಷ್ಟು ಬಗ್ಗಿದರು.

"ಇವನು ಯಾರು?"

"ನಿಮ್ಮ ಅಪ್ಪ ಅಂತ ಹೇಳುವ ಹಕ್ಕು ನನಗಿಲ್ಲ. ಅವರ ಮುಖ ನಾನು ನೋಡಿಲ್ಲ."

"ಅಪ್ಪ ಇಷ್ಟು ಎತ್ತರ ಇರಲಿಲ್ಲ." ಹಾಲಿನಾ ಇನ್ನೂ ನೋಡುತ್ತಿದ್ದರು. "ನಿಂತಿರೋ ರೀತಿ ಹೀಗೇ."

ಮಾರೆಕ್ ಕುರ್ಚಿ ತಂದ. ಹಾಲಿನಾ ಕುಳಿತು ಉಸಿರು ಸುಧಾರಿಸಿಕೊಂಡರು. ಆಮೇಲೆ, ಜಗಳಕ್ಕೆ ಬಂದವರ ಧ್ವನಿಯಲ್ಲೇ ಹೇಳಿದರು: "ಸಾಲು ತೆಗೆಯಲಿಲ್ಲ ನೀನು."

"ಇಲ್ಲ."

"ತೆಗೆಯಬೇಡ. ಆದರೆ ಕೂಲಿಗಾರರು ಅಂತ ಬರೆಯಬೇಡ. ಕೂಲಿಗಾರರು ಅಂದರೆ ಯಾರೂ ಅಲ್ಲ. ಅವರಿಗೆ ಹೆಸರಿತ್ತು. ಫ್ರಾಂಚಿಶೆಕ್ ವೊಜ್ನಿಯಾಕ್. ಬರಿ."

ಸರೋಜಿನಿ ಕೌಂಟರಿನಿಂದ ಪೆನ್ನು, ದಪ್ಪ ಕಾಗದ ತಂದಳು. ಹಾಲಿನಾ ಅಕ್ಷರ ಅಕ್ಷರವಾಗಿ ಹೇಳಿದರು, ಅವಳು ಬರೆದಳು.

"ಅವರಿಗೆ ನಾಚಿಕೆ ಇರಲಿಲ್ಲ ಅಂತ ಬರಿ."

"ಅದನ್ನು ನಾನು ಹೇಳಿದ ಹಾಗೆ ಬರೆಯಲಾರೆ. ನೀವು ಹೇಳಿದ್ದೀರಿ ಅಂತ, ನಿಮ್ಮ ಹೆಸರು ಹಾಕಿ ಬರೆಯುತ್ತೇನೆ."

ಹಾಲಿನಾ ತುಸು ಯೋಚಿಸಿದರು. "ಹಾಕು. ನನಗೇನು ಹೆದರಿಕೆ?"

ಅವಳು ಬರೆದಳು: 'ಕೆಡವಿದ್ದು: ಪೋಲೆಂಡ್ ಸರ್ಕಾರ. ಕೆಡವಿದವರಲ್ಲಿ ಒಬ್ಬರು: ಫ್ರಾಂಚಿಶೆಕ್ ವೊಜ್ನಿಯಾಕ್. ಮಗಳು ಹಾಲಿನಾ ಹೇಳಿದ್ದು: ಅವರಿಗೆ ನಾಚಿಕೆ ಇರಲಿಲ್ಲ.' ಹಾಲಿನಾ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ ತಲೆಯಾಡಿಸಿದರು. ಊಟಕ್ಕೆ ಕೂರುವಾಗ ಮಾತ್ರ, ಕ್ಯಾಥೆಡ್ರಲಿಗೆ ಬೆನ್ನು ಬರುವ ಹಾಗೆ ಕುರ್ಚಿ ತಿರುಗಿಸಲು ಹೇಳಿದರು. "ಆ ಗುಮ್ಮಟ ನೋಡಿಕೊಂಡು ನನಗೆ ಅನ್ನ ಇಳಿಯುವುದಿಲ್ಲ. ಅದನ್ನು ನೀನು ಚೆನ್ನಾಗಿ ಬರೆದಿರೋದೇ ತಪ್ಪು." ರಮಾನಾಥ ಇಡ್ಲಿ ತಂದಿಟ್ಟ. ಹಾಲಿನಾ ಅದನ್ನು ಸಾಂಬಾರಿನಲ್ಲಿ ಮುಳುಗಿಸಿ, ಚಮಚದಲ್ಲಿ ಒಡೆದು, ಪೂರ್ತಿ ತಿಂದರು.

ಬುಧವಾರ ಬಾ ಎಂದು ಅವರು ಕರೆಯಲಿಲ್ಲ. ಬುಧವಾರ ಸರೋಜಿನಿ ಹೋದಳು. ಬಾಗಿಲು ತೆರೆಯಿತು.

ಮಾರ್ಚ್ ತಿಂಗಳಲ್ಲಿ ಗ್ರೀನ್‌ಪಾಯಿಂಟಿನ ಕಮಿಟಿ ಮತ್ತೆ ಕೂತಿತು. ಹಾಲಿನಾ ವಾಕರ್ ಹಿಡಿದು ಆ ಸಭೆಗೆ ಹೋಗಿ, ಕೆಡವಿದವರು ನಿಮ್ಮ ಅಪ್ಪಂದಿರಲ್ಲ, ನನ್ನ ಅಪ್ಪ, ನಾಚಿಕೆಪಡುವುದಕ್ಕೆ ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದರಂತೆ. ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಉಳಿದವರು, ಚಿತ್ರಗಳನ್ನು ಚೀಟಿಸಮೇತ, ಒಂದು ಅಕ್ಷರ ಬದಲಿಸದೆ ತರಿಸಿಕೊಳ್ಳಬೇಕೆಂದು ಒಪ್ಪಿದರು. ಸುದ್ದಿ ತಿಳಿಸಲು ಮಾರೆಕ್ ತಾನೇ ಹಿಕ್ಸ್‌ವಿಲ್‌ಗೆ ಬಂದ.

ಸರೋಜಿನಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹೊಸ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕಿಟಕಿಗಳನ್ನು ಹಾಕುತ್ತಿದ್ದಳು. ಕಂಬಗಳ ಸಾಲಿನ ಒಂದು ಅರಮನೆ. ಮುಂದೆ ಬೀದಿಯಲ್ಲಿ ಒಬ್ಬ ಹೆಂಗಸು ಬುಟ್ಟಿ ಹಿಡಿದು ಹೋಗುತ್ತಿದ್ದಳು.

"ಇದು ಯಾವುದು?" ಎಂದ ಮಾರೆಕ್.

"ಬ್ಯಾಂಕರೊಬ್ಬರ ಅರಮನೆ. ಯುದ್ಧದಲ್ಲಿ ಸುಟ್ಟಿತು. ಗೋಡೆಗಳು ನಿಂತಿದ್ದವು. ಮತ್ತೆ ಕಟ್ಟಬಹುದಿತ್ತು ಅಂತ ನನ್ನ ಪ್ರೊಫೆಸರು ಹೇಳುತ್ತಿದ್ದರು. ಅರವತ್ತರ ದಶಕದಲ್ಲಿ ಕೆಡವಿದರು."

ಮಾರೆಕ್ ಹಣೆ ಉಜ್ಜಿಕೊಂಡ. "ಅದನ್ನೂ ನಾವೇ."

"ಹೌದು. ಬರೆಯುತ್ತೇನೆ."

ಅವನು ವಾದ ಮಾಡಲಿಲ್ಲ. ಸ್ಟೂಲು ಎಳೆದು ಕುಳಿತು, ಅರಮನೆಯನ್ನೇ ನೋಡುತ್ತ, ಶನಿವಾರ ಚಿತ್ರಗಳನ್ನು ಒಯ್ಯಲು ಎಷ್ಟು ದೊಡ್ಡ ಲಾರಿ ಕಳಿಸಲಿ ಎಂದು ಕೇಳಿದ.